ನಾನೂರು ಜನರ ಕ್ಲೇವರ್ತ್

ಹಳೆಯ ಕಾಲದ ಹಳ್ಳಿ ಎಂದರೆ ತಲೆತಲಾಂತರದಿಂದ ಅದೇ ಹೊಲ, ಅದೇ ಮನೆ, ಅದೇ ನೆರೆಹೊರೆ ಎಂಬ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿದೆ. ಜನ ಊರು ಬಿಡತೊಡಗಿದ್ದು ರೈಲು, ಕಾರ್ಖಾನೆಗಳು ಬಂದ ಮೇಲೆ ಎಂದು ಅಂದುಕೊಳ್ಳುತ್ತೇವೆ. ಇಂಗ್ಲೆಂಡಿನಲ್ಲೂ ಬಹುಕಾಲ ಇದೇ ನಂಬಿಕೆ ಇತ್ತು. ಅದನ್ನು ಅಲುಗಾಡಿಸಿದ ದಾಖಲೆಗಳಲ್ಲಿ ಒಬ್ಬ ಹಳ್ಳಿ ಪಾದ್ರಿಯ ಪುಸ್ತಕವೂ ಒಂದು.

ಕ್ಲೇವರ್ತ್ ಇರುವುದು ನಾಟಿಂಗ್‌ಹ್ಯಾಮ್‌ಶೈರಿನ ಉತ್ತರ ಭಾಗದಲ್ಲಿ. ಅದೊಂದು ಬೇಸಾಯದ ಪ್ಯಾರಿಷ್. ಪ್ಯಾರಿಷ್ ಎಂದರೆ ಒಂದು ಚರ್ಚಿಗೆ ಸೇರಿದ ಊರು. ಬಡವರಿಗೆ ನೆರವು ಕೊಡುವಂಥ ಆಡಳಿತದ ಕೆಲಸಗಳಿಗೂ ಅದೇ ಘಟಕ. ಥಾಮಸ್ ಕ್ರಾಮ್‌ವೆಲ್‌ನ 1538ರ ಆದೇಶದಂತೆ ಪ್ರತಿ ಪ್ಯಾರಿಷ್ ದೀಕ್ಷಾಸ್ನಾನ, ಮದುವೆ ಮತ್ತು ಶವಸಂಸ್ಕಾರಗಳನ್ನು ಬರೆದಿಡಬೇಕಿತ್ತು. ಆದರೆ ಊರಿಗೆ ಯಾರು ಬಂದರು, ಯಾರು ಬಿಟ್ಟುಹೋದರು ಎಂಬುದು ಆ ದಫ್ತರಗಳಲ್ಲಿ ಸಿಗುವುದಿಲ್ಲ. ದೇಶದ ಮೊದಲ ಜನಗಣತಿ ನಡೆದದ್ದು 1801ರಲ್ಲಿ.

ಅದಕ್ಕೂ ಒಂದು ಶತಮಾನ ಹಿಂದೆಯೇ ಕ್ಲೇವರ್ತ್‌ನ ಪಾದ್ರಿ ವಿಲಿಯಂ ಸ್ಯಾಂಪ್ಸನ್ ತನ್ನ ಊರಿನ ಜನರನ್ನು ಎರಡು ಬಾರಿ ಪಟ್ಟಿ ಮಾಡಿದ್ದ. ಚರ್ಚ್ ದೇಶದಾದ್ಯಂತ ಧಾರ್ಮಿಕ ಲೆಕ್ಕ ಕೇಳಿದ 1676ರಲ್ಲಿ ಮೊದಲನೆಯದು, 1688ರಲ್ಲಿ ಎರಡನೆಯದು. ಬರೀ ತಲೆಯೆಣಿಕೆಯಲ್ಲ, ಮನೆ ಮನೆಯ ಯಜಮಾನ, ಹೆಂಡತಿ, ಮಕ್ಕಳು, ಆಳುಗಳನ್ನೆಲ್ಲ ಬರೆದ. ಮೊದಲ ಪಟ್ಟಿಯಲ್ಲಿ 401 ಜನ, ಎರಡನೆಯದರಲ್ಲಿ 412. ಹನ್ನೆರಡು ವರ್ಷದಲ್ಲಿ ಹೆಚ್ಚಿದ್ದು ಹನ್ನೊಂದೇ ಜನ. ಅಂಕಿ ನೋಡಿದವರು ಇದೊಂದು ನಿಂತ ನೀರು ಎನ್ನಬೇಕು.

1963ರಲ್ಲಿ ಪೀಟರ್ ಲ್ಯಾಸ್ಲೆಟ್ ಮತ್ತು ಜಾನ್ ಹ್ಯಾರಿಸನ್ ಎಂಬ ಇತಿಹಾಸಕಾರರು ಎರಡೂ ಪಟ್ಟಿಗಳ ಹೆಸರುಗಳನ್ನು ತಾಳೆ ನೋಡಿದ ಲೇಖನ ಪ್ರಕಟಿಸಿದರು. 401 ಜನರಲ್ಲಿ 244 ಮಂದಿ 1688ರ ಪಟ್ಟಿಯಲ್ಲಿ ಇರಲಿಲ್ಲ. ನೂರಕ್ಕೆ ಅರವತ್ತು! ಇವರಲ್ಲಿ ಸತ್ತವರು ಸುಮಾರು ಮೂರನೇ ಒಂದು ಭಾಗ. ಉಳಿದವರು ಊರು ಬಿಟ್ಟಿದ್ದರು. ಅವರ ಜಾಗದಲ್ಲಿ 255 ಹೊಸಬರಿದ್ದರು: ಹುಟ್ಟಿದ ಮಕ್ಕಳು, ಮದುವೆಯಾಗಿ ಬಂದವರು, ಕೆಲಸಕ್ಕೆ ಬಂದವರು.

ಹೀಗೆ ಓಡಾಡಿದವರಲ್ಲಿ ದೊಡ್ಡ ಗುಂಪು ಹರೆಯದ ಆಳುಗಳದು. ಬಡವರ ಮಕ್ಕಳು ಮಾತ್ರವಲ್ಲ, ರೈತರ ಮಕ್ಕಳೂ ಮದುವೆಗೆ ಮುಂಚೆ ಬೇರೆಯವರ ಮನೆಯಲ್ಲಿ ವರ್ಷದ ಕರಾರಿನ ಮೇಲೆ ದುಡಿಯುವುದು ಅಲ್ಲಿ ವಾಡಿಕೆಯಾಗಿತ್ತು. ಕರಾರು ಮುಗಿದರೆ ಮತ್ತೊಂದು ಮನೆ, ಹಲವು ಸಲ ಮತ್ತೊಂದು ಊರು. ಕೆಲವರ ದಾರಿ ಲಂಡನ್‌ಗೂ ಮುಟ್ಟುತ್ತಿತ್ತು. ಆಗ ಆ ನಗರದಲ್ಲಿ ಹುಟ್ಟಿಗಿಂತ ಸಾವೇ ಹೆಚ್ಚು. ಹೊರಗಿನವರು ಬಂದು ತುಂಬದಿದ್ದರೆ ಅದು ಬೆಳೆಯುವಂತಿರಲಿಲ್ಲ.

ಈ ಓಡಾಟ ಎಲ್ಲರಿಗೂ ಸಲೀಸಾಗಿರಲಿಲ್ಲ. 1662ರ ಕಾನೂನಿನ ಪ್ರಕಾರ, ಮುಂದೆ ತಮಗೆ ಹೊರೆಯಾಗಬಹುದು ಎನಿಸಿದ ಬಡ ಹೊಸಬರನ್ನು ಪ್ಯಾರಿಷ್‌ನವರು ಅವರ ಮೂಲ ಪ್ಯಾರಿಷ್‌ಗೆ ವಾಪಸ್ ಕಳಿಸಬಹುದಿತ್ತು. ಮದುವೆಯಾಗದ ಗರ್ಭಿಣಿಯರನ್ನು, ಹುಟ್ಟುವ ಮಗುವಿನ ಖರ್ಚು ತಮ್ಮ ಮೇಲೆ ಬಿದ್ದೀತೆಂದು, ಗಡಿ ದಾಟಿಸಿದ ಉದಾಹರಣೆಗಳೂ ಇವೆ. ದುಡಿಯುವ ಕೈ ಬೇಕು, ದಣಿದ ಮೈ ಬೇಡ. ವಲಸೆ ಹೋದವರಿಗೆ ಈ ಲೆಕ್ಕ ಹೊಸದೇನಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಜನಸಂಖ್ಯೆಯೇ ವೇಗವಾಗಿ ಏರಿತು. 1851ರ ಗಣತಿಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳು. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಬಂದು ಬೇಸಾಯ ಕುಸಿದಾಗ ಹಳ್ಳಿಗಳು ಇನ್ನಷ್ಟು ಖಾಲಿಯಾದವು. ಆಗ ಹೊಸದಾಗಿದ್ದದ್ದು ಜನ ಹೋಗುವುದಲ್ಲ. ಹೋದವರ ಜಾಗಕ್ಕೆ ಅಷ್ಟೇ ಜನ ಬಾರದೆ ಇದ್ದದ್ದು.

ಊರು ಬಿಟ್ಟು ಬಂದ ನಮ್ಮಂಥವರು ಒಮ್ಮೊಮ್ಮೆ ಯಾವುದೋ ಹಳೆಯ ಸರಪಳಿಯನ್ನು ನಾವೇ ಮೊದಲು ಮುರಿದೆವೆಂದು ಕೊರಗುತ್ತೇವೆ. ಒಂದು ಇಂಗ್ಲಿಷ್ ಹಳ್ಳಿಯ ಲೆಕ್ಕ ಎಲ್ಲ ಊರುಗಳಿಗೂ ಹೊಂದುತ್ತದೆ ಎನ್ನಲಾಗದು. ಆದರೆ ಸ್ಯಾಂಪ್ಸನ್‌ನ ಪಟ್ಟಿ ಓದಿದ ಮೇಲೆ, ಶತಮಾನಗಳಿಂದ ಅಲುಗದ ಊರು ಎಂಬ ಮಾತನ್ನು ಹೆಸರು ಕೇಳದೆ ನಂಬುವುದು ಕಷ್ಟ.