ತೆರೆಯದ ಕಡತ

ನನ್ನ ಲ್ಯಾಪ್‌ಟಾಪ್ ಕಂಡರೆ ವಿಭಾಗದ ಗೆಳೆಯರಿಗೆ ತಮಾಷೆ. "ಇದನ್ನೂ ಮ್ಯೂಸಿಯಮ್ಮಿಗೆ ಕೊಟ್ಟುಬಿಡು" ಅನ್ನುತ್ತಾರೆ. 2011ರಲ್ಲಿ ಅಣ್ಣ ಕೊಂಡದ್ದು, ನಾನು ಎಂ.ಎ. ಸೇರಿದಾಗ ನನ್ನ ಪಾಲಿಗೆ ಬಂತು. ಬ್ಯಾಟರಿ ಸತ್ತು ವರ್ಷಗಳಾದವು. ಆದರೂ ಇದನ್ನು ಬಿಡಲಾಗದ್ದಕ್ಕೆ ಕಾರಣ ಅದರ ಬಲಮಗ್ಗುಲಲ್ಲಿರುವ ಡಿಸ್ಕ್ ಡ್ರೈವ್.

ಹೋದ ವರ್ಷ ಕ್ಷೇತ್ರಕಾರ್ಯಕ್ಕೆಂದು ಮಲೆನಾಡಿನ ಒಂದು ಊರಿಗೆ ಹೋಗಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ಬಿಸ್ಕತ್ತಿನ ಡಬ್ಬಿ ತಂದು ಮುಂದಿಟ್ಟರು. ಒಳಗೆ 21 ಸಿ.ಡಿ.ಗಳು. ಸುತ್ತಲಿನ ಮನೆಗಳಲ್ಲಿದ್ದ ಕಡತಗಳ ಫೋಟೋ ತೆಗೆದು, 2004ರ ಸುಮಾರಿಗೆ ಪೇಟೆಯಲ್ಲಿ ಸಿ.ಡಿ. ಮಾಡಿಸಿಟ್ಟಿದ್ದರು. ಆಮೇಲೆ ಒಂದು ಮನೆಯ ಅಟ್ಟಕ್ಕೆ ಗೆದ್ದಲು ಹತ್ತಿತು. ಇನ್ನೊಂದು ಮನೆಯವರು ಮಾಡು ಬಿಚ್ಚುವಾಗ ಹಳೆಯದನ್ನೆಲ್ಲ ಸುಟ್ಟರು. "ಕಡತ ಹೋದ್ರೂ ಫೋಟೋ ಉಳೀತಲ್ಲ ಅಂತ ಸಮಾಧಾನ ಮಾಡ್ಕಂಡಿದ್ದೆ ಮಾರಾಯ. ಈಗ ಇದೂ ತೆರೆಯೋದಿಲ್ಲ" ಎಂದರು.

ಕಡತ ಅಂದರೆ ಇಂದು ನಮಗೆ ಸರ್ಕಾರಿ ಕಚೇರಿಯ ಫೈಲು. ಕನ್ನಡದ ತಂತ್ರಾಂಶಗಳಲ್ಲಿ ಕಂಪ್ಯೂಟರಿನ ಫೈಲಿಗೂ ಅದೇ ಹೆಸರು. ಮೂಲದಲ್ಲಿ ಅದು ಬಟ್ಟೆ. ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ಸ್ಲೇಟಿನಂತೆ ಒರೆಸಬಹುದಿತ್ತು, ಹೊಸ ಲೇಪ ಕೊಟ್ಟು ಮತ್ತೆ ಬರೆಯಬಹುದಿತ್ತು. ಮಠಗಳ, ಮನೆತನಗಳ ಲೆಕ್ಕಪತ್ರ ಇಂಥ ಕಡತಗಳಲ್ಲೇ ಉಳಿದುಬಂದವು.

ಸಿ.ಡಿ. ಕಥೆ ಚಿಕ್ಕದು. ಫಿಲಿಪ್ಸ್ ಮತ್ತು ಸೋನಿ ಸೇರಿ ರೂಪಿಸಿದ ಈ 12 ಸೆಂಟಿಮೀಟರಿನ ತಟ್ಟೆ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1982ರಲ್ಲಿ. ಹಾಡಿನ ಸಿ.ಡಿ.ಯಲ್ಲಿ ಕುಳಿಗಳನ್ನು ಅಚ್ಚೊತ್ತಿರುತ್ತಾರೆ. ನಾವು ಬರೆಸಿಕೊಳ್ಳುವ ಸಿ.ಡಿ.ಯಲ್ಲಿ ಇರುವುದು ಬಣ್ಣದ ತೆಳು ಪದರ. ಲೇಸರ್ ಅದನ್ನು ಸುಟ್ಟು ಗುರುತು ಮಾಡುತ್ತದೆ. ಬಿಸಿಲು, ಸೆಕೆ, ತೇವ ತಾಗಿದರೆ ಆ ಬಣ್ಣ ಕೆಡುತ್ತದೆ. ಇನ್ನೊಂದು ಸಂಗತಿ: ಪ್ರತಿಫಲಿಸುವ ಪದರವಿರುವುದು ಹೊಳೆಯುವ ಕೆಳಮೈಗೆ ಹತ್ತಿರದಲ್ಲಲ್ಲ, ಹೆಸರು ಬರೆಯುವ ಮೇಲ್ಮೈಯ ಕೆಳಗೇ. ಮೇಷ್ಟ್ರು ಪ್ರತಿಯೊಂದರ ಮೇಲೂ ಮನೆಯ ಹೆಸರು, ತಾರೀಕುಗಳನ್ನು ಬಾಲ್‌ಪೆನ್ನಿನಿಂದ ಒತ್ತಿ ಬರೆದಿದ್ದರು. ಆ ಅಕ್ಕರೆಯೇ ಕೆಲವು ಡಿಸ್ಕುಗಳನ್ನು ಗೀರಿತ್ತು. ಅವರಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಡಿಸ್ಕಿನ ಜೊತೆಗೆ ಅದನ್ನು ಓದುವ ಯಂತ್ರಕ್ಕೂ ವಯಸ್ಸಾಗುತ್ತದೆ. ಲ್ಯಾಪ್‌ಟಾಪಿನ ಡ್ರೈವಿನಲ್ಲಿ ಟ್ರೇ ಎಳೆದರೆ ಅದರೊಂದಿಗೆ ಪುಟ್ಟ ಮಸೂರವೂ ಹೊರಬರುತ್ತದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಹಗುರವಾಗಿ ಒರೆಸುತ್ತೇನೆ. ತಿರುಗುವ ವೇಗ ತಗ್ಗಿಸಿ, ಕೆಟ್ಟ ಜಾಗವನ್ನು ಮೊದಲು ದಾಟಿ ಆಮೇಲೆ ಹಿಂದಿರುಗಿ ಬರುವ ತಂತ್ರಾಂಶ ಹಾಕಿ ರಾತ್ರಿಯಿಡೀ ಬಿಡುತ್ತೇನೆ. ಲೇಸರೇ ಮಂಕಾದರೆ ಒರೆಸಿ ಫಲವಿಲ್ಲ. ಅದಕ್ಕೆಂದೇ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಡ್ರೈವೊಂದನ್ನು ಹುಡುಕಿ ತಂದಿಟ್ಟಿದ್ದೇನೆ. ದಪ್ಪ 12.7 ಮಿಲಿಮೀಟರೇ ಇರಬೇಕು, 9.5ರದ್ದಾದರೆ ನನ್ನ ಲ್ಯಾಪ್‌ಟಾಪಿಗೆ ಸರಿಹೊಂದದು. ಯು.ಎಸ್.ಬಿ.ಯ ಹೊಸ ಡ್ರೈವನ್ನೂ ತಂದು ನೋಡಿದೆ. ಅದು ಓದದ ಮೂರು ಡಿಸ್ಕುಗಳನ್ನು ಈ ಮುದಿ ಡ್ರೈವ್ ಓದಿತು.

ದೊಡ್ಡ ಸಂಸ್ಥೆಗಳಿಗೂ ಈ ಪಾಡು ತಪ್ಪಿಲ್ಲ. ಇಂಗ್ಲೆಂಡಿನ ದೊರೆ ಒಂದನೇ ವಿಲಿಯಂ 1086ರಲ್ಲಿ ನಾಡಿನ ಭೂಮಿ, ಒಡೆತನ, ಆದಾಯಗಳ ಲೆಕ್ಕ ಮಾಡಿಸಿದ. ಅದೇ ಡೂಮ್ಸ್‌ಡೇ ಬುಕ್. 900 ವರ್ಷ ತುಂಬಿದಾಗ, 1986ರಲ್ಲಿ, ಬಿ.ಬಿ.ಸಿ. ಜನರಿಂದಲೇ ತಮ್ಮ ಊರುಗಳ ವಿವರ ಬರೆಸಿ ಎರಡು ಲೇಸರ್ ಡಿಸ್ಕುಗಳಲ್ಲಿ ತುಂಬಿಸಿತು. ಅವನ್ನು ಓದಲು ವಿಶೇಷ ಪ್ಲೇಯರ್, ಅದಕ್ಕೊಪ್ಪುವ ಕಂಪ್ಯೂಟರ್ ಬೇಕಿತ್ತು. ಹದಿನೈದು ವರ್ಷಗಳಲ್ಲಿ ಅವೆರಡೂ ಅಪರೂಪವಾದವು. ಕೊನೆಗೆ ಸಂಶೋಧಕರು ಹೊಸ ಕಂಪ್ಯೂಟರಿನಲ್ಲಿ ಹಳೆಯದರ ನಡವಳಿಕೆಯನ್ನೇ ಅನುಕರಿಸಿ ಅದನ್ನು ತೆರೆಯಬೇಕಾಯಿತು. ಚರ್ಮದ ಹಾಳೆಯ ಮೂಲ ಪುಸ್ತಕವನ್ನಾದರೆ ಲಿಪಿ, ಭಾಷೆ ಬಲ್ಲವರು ಇಂದಿಗೂ ನೇರವಾಗಿ ಓದಬಹುದು.

ಹಾಗೆಂದು ಹಳೆಯದೆಲ್ಲ ಗಟ್ಟಿ ಎನ್ನುವಂತಿಲ್ಲ. ತಾಳೆಯೋಲೆಗೂ ಹುಳು ಹಿಡಿಯುತ್ತದೆ. ನಮ್ಮ ಕಾವ್ಯಗಳು ಉಳಿದದ್ದು ಯಾರೋ ಕೂತು ಪ್ರತಿ ಮಾಡುತ್ತಿದ್ದರು ಎಂಬ ಕಾರಣಕ್ಕೆ. ಪೊನ್ನನ ಶಾಂತಿಪುರಾಣಕ್ಕೆ ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದನ್ನು ಶಾಲೆಯಲ್ಲಿ ಓದಿದಾಗ ಅದು ದಾನದ ಕಥೆಯಾಗಿ ಕಂಡಿತ್ತು. ಈಗ ಅದು ಉಳಿಸುವವರ ಲೆಕ್ಕಾಚಾರವಾಗಿಯೂ ಕಾಣುತ್ತದೆ. ಸಾವಿರ ಇದ್ದರೆ ಒಂದಾದರೂ ಉಳಿದೀತು.

21ರಲ್ಲಿ 16 ಡಿಸ್ಕು ಪೂರ್ತಿ ಬಂದವು, ಮೂರು ಅರ್ಧಂಬರ್ಧ. ಎರಡು ಇನ್ನೂ ತೆರೆದಿಲ್ಲ. ಬಂದದ್ದನ್ನು ಮೂರು ಪ್ರತಿ ಮಾಡಿ ಒಂದನ್ನು ಮೇಷ್ಟ್ರಿಗೆ ತಲುಪಿಸಿದೆ. ಹಾರ್ಡ್ ಡಿಸ್ಕನ್ನು ತಿರುಗಿಸಿ ತಿರುಗಿಸಿ ನೋಡಿ, "ಇದೆಷ್ಟು ವರ್ಷ ಬರ್ತದೆ?" ಎಂದರು.

"ಐದಾರು ವರ್ಷಕ್ಕೆ ಮತ್ತೆ ನಕಲು ಮಾಡ್ಬೇಕು ಸಾರ್."

"ಅಷ್ಟೊತ್ತಿಗೆ ನಾನಿರ್ತೀನೋ ಇಲ್ವೋ. ನೀನು ಮಾಡ್ತೀಯಲ್ಲ?"

ಮಾಡುತ್ತೇನೆ ಎಂದಿದ್ದೇನೆ. ಇವತ್ತು ಒಂಬತ್ತನೆಯ ಡಿಸ್ಕನ್ನು ಮತ್ತೊಮ್ಮೆ ಹಾಕಿದ್ದೇನೆ. ಒಳಗೆ ಟಿಕ್ ಟಿಕ್ ಎನ್ನುತ್ತಿದೆ.