ಹಾಳುಬಾವಿಯಲ್ಲಿ ಸಿಕ್ಕ ಮೈಸೂರಿನ ಬಾಣಗಳು

ಆಳಂದ, ಅಫಜಲಪುರ, ಜೇವರ್ಗಿ ಭಾಗದ ಜನರಿಗೆ ಹಳೆಯ ಯುದ್ಧದ ಕುರುಹು ಎಂದೊಡನೆ ಕಲಬುರಗಿ ಕೋಟೆಯ ಭಾರಿ ತೋಪು ನೆನಪಾಗುತ್ತದೆ. ಆದರೆ ಜಗತ್ತಿನ ಯುದ್ಧರೀತಿಯನ್ನೇ ಬದಲಿಸಿದ ಒಂದು ಅಸ್ತ್ರ ಕೇವಲ ಗೇಣುದ್ದದ ಕಬ್ಬಿಣದ ಕೊಳವೆ. ಅದು ಸಿಕ್ಕಿದ್ದು ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ.

ನಗರವೆಂದರೆ ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದ. 1783ರಲ್ಲಿ ಇಂಗ್ಲಿಷರು ವಶಪಡಿಸಿಕೊಂಡರಾದರೂ ಅದೇ ವರ್ಷ ಟಿಪ್ಪು ಮರಳಿ ಪಡೆದ. 2002ರಲ್ಲಿ ಇಲ್ಲಿ ತುಕ್ಕು ಹಿಡಿದ ನೂರಕ್ಕೂ ಹೆಚ್ಚು ಕೊಳವೆಗಳು ದೊರೆತವು. ತೋಪಿನ ಗುಂಡುಗಳೆಂದು ಭಾವಿಸಿ ಅವನ್ನು ಎತ್ತಿಡಲಾಯಿತು. ಅವು ರಾಕೆಟ್‌ಗಳೆಂದು ತಿಳಿದದ್ದು ಕೆಲವು ವರ್ಷಗಳ ನಂತರ. 2018ರ ಜುಲೈನಲ್ಲಿ ಪುರಾತತ್ವ ಇಲಾಖೆ ಅಲ್ಲಿನ ಹಾಳುಬಾವಿಯೊಂದನ್ನು ಅಗೆಸಿತು. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆಯಿತ್ತು. ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು.

ಇದರ ತತ್ವ ಜಾತ್ರೆಯ ಬಾಣಬಿರುಸಿನದೇ. ಯುರೋಪಿನಲ್ಲಿ ಮದ್ದನ್ನು ಕಾಗದದ ಕೊಳವೆಗೆ ತುಂಬುತ್ತಿದ್ದರು; ಒತ್ತಡ ಹೆಚ್ಚಿದರೆ ಅದು ಸಿಡಿದುಹೋಗುತ್ತಿತ್ತು. ಮೈಸೂರಿನವರು ಕಬ್ಬಿಣದ ಕೊಳವೆ ಬಳಸಿದರು. ಅದನ್ನು ಬಿದಿರಿನ ಗಳುವಿಗೆ ಬಿಗಿದು ಹಾರಿಸಿದರೆ ಹೆಚ್ಚು ಮದ್ದು, ಹೆಚ್ಚು ದೂರ. 1780ರ ಪೊಳ್ಳಿಲೂರು ಕದನದಲ್ಲಿ ಹೈದರನ ಸೈನ್ಯದ ಮುಂದೆ ಕರ್ನಲ್ ಬೈಲಿಯ ಪಡೆ ಸಂಪೂರ್ಣ ಸೋತಿತು. ಆ ಗೆಲುವಿನಲ್ಲಿ ರಾಕೆಟ್‌ಗಳ ಪಾಲೂ ಇತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಈ ರಾಕೆಟ್‌ಗಳನ್ನು ತಮ್ಮ ದೇಶಕ್ಕೆ ಒಯ್ದರು. ಮೈಸೂರಿನ ಅನುಭವದಿಂದ ಪ್ರೇರಿತನಾದ ವಿಲಿಯಂ ಕಾಂಗ್ರೀವ್ ತನ್ನದೇ ರಾಕೆಟ್ ರೂಪಿಸಿದ. 1807ರಲ್ಲಿ ಅವು ಕೋಪನ್‌ಹೇಗನ್ ನಗರವನ್ನು ಸುಟ್ಟವು. 1845ರ ಮೇ ತಿಂಗಳಲ್ಲಿ ನ್ಯೂಜಿಲೆಂಡಿನ ಪುಕೆಟುಟು ಎಂಬಲ್ಲಿ ಮಾವೋರಿ ನಾಯಕ ಹೋನೆ ಹೆಕೆಯ ಕೋಟೆಯ ಮೇಲೂ ಬ್ರಿಟಿಷರು ರಾಕೆಟ್ ಹಾರಿಸಿದರು. ಗಟ್ಟಿ ಮರದ ಬೇಲಿಯ ಆ ಕೋಟೆಯ ಮುಂದೆ ಮಾತ್ರ ಅವು ವಿಫಲವಾದವು. ಪರಕೀಯರನ್ನು ತಡೆಯಲು ಮೈಸೂರಿನವರು ಪಳಗಿಸಿದ ಅಸ್ತ್ರ, ನೆಲಕ್ಕಾಗಿ ಹೋರಾಡುತ್ತಿದ್ದ ಮತ್ತೊಂದು ಜನಾಂಗದ ಮೇಲೆ ಪ್ರಯೋಗವಾದದ್ದು ಇತಿಹಾಸದ ವಿಪರ್ಯಾಸ.

ನಗರದ ಕೊಳವೆಗಳು ಗುಜರಿ ಸೇರಿದ್ದರೆ ಈ ಕಥೆಗೆ ನಮ್ಮ ನೆಲದ ಸಾಕ್ಷಿ ಇಲ್ಲವಾಗುತ್ತಿತ್ತು. ಬಾವಿ ತೋಡುವಾಗ, ಹೊಲ ಉಳುವಾಗ ಹಳೆಯ ಕಬ್ಬಿಣ ಸಿಕ್ಕರೆ ತೂಕಕ್ಕೆ ಹಾಕುವ ಮುನ್ನ ತಾಲ್ಲೂಕು ಕಚೇರಿಗೆ ಒಂದು ಮಾತು ತಿಳಿಸುವುದು ಒಳ್ಳೆಯದು. ಮದ್ದು ಇನ್ನೂ ಉಳಿದಿರಬಹುದಾದ್ದರಿಂದ ಅದನ್ನು ಬಡಿದು ನೋಡಬಾರದು.