ಸೇರಿನಿಂದ ಕಿಲೋಗ್ರಾಮಿಗೆ: ಧಾನ್ಯಮಾಪನದ ಒಂದು ಸಾಂಸ್ಕೃತಿಕ ಅವಲೋಕನ

ಕರ್ನಾಟಕದ ಗ್ರಾಮೀಣ ಬದುಕಿನಲ್ಲಿ ದವಸಧಾನ್ಯಗಳನ್ನು ಬಹುಮಟ್ಟಿಗೆ ಅಳೆಯುತ್ತಿದ್ದರೇ ಹೊರತು ತೂಗುತ್ತಿರಲಿಲ್ಲ. ಬೆಲ್ಲ, ಹುಣಿಸೆ, ಹತ್ತಿಗಳು ತಕ್ಕಡಿಗೆ ಸೇರಿದರೆ, ಅಕ್ಕಿ, ರಾಗಿ, ಜೋಳ, ಕಾಳುಗಳು ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ, ಖಂಡುಗಗಳ ಲೆಕ್ಕಕ್ಕೆ ಸೇರಿದ್ದವು. ಈ ಗಾತ್ರಮಾನವು ತೂಕಮಾನವಾಗಿ ಪರಿವರ್ತನೆಗೊಂಡ ಬಗೆಯನ್ನೂ, ಆ ಪರಿವರ್ತನೆಯಲ್ಲಿ ಜಾರಿಹೋದ ಸಾಂಸ್ಕೃತಿಕ ಮಾಹಿತಿಯನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಸೊಲ್ಲಗೆ, ಮಾನ, ಬಳ್ಳ, ಕೊಳಗ, ಖಂಡುಗಗಳು ಕನ್ನಡ ಶಾಸನಗಳಲ್ಲಿ ದಾನದತ್ತಿಗಳ ಸಂದರ್ಭದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಖಂಡುಗವು ಧಾನ್ಯದ ಅಳತೆಯಷ್ಟೇ ಅಲ್ಲ, ಅಷ್ಟು ಬೀಜ ಹಿಡಿಯುವ ಭೂಮಿಯ ಅಳತೆಯೂ ಹೌದು. ರಾಗಿಯ ಬೀಜ ಕಡಿಮೆ ಸಾಲುವುದರಿಂದ ಹೊಲದ ಖಂಡುಗವು ಗದ್ದೆಯ ಖಂಡುಗಕ್ಕಿಂತ ಬಹಳ ವಿಸ್ತಾರವಾದುದು. 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಊರಿಂದೂರಿಗೆ ಬದಲಾಗುತ್ತಿದ್ದ ಅಳತೆಗಳನ್ನು ದಾಖಲಿಸಿದ್ದಾನೆ.

ಸೇರು ಎಂಬ ಒಂದೇ ಪದ ಗಾತ್ರಕ್ಕೂ ತೂಕಕ್ಕೂ ಸಲ್ಲುತ್ತಿದ್ದುದು ಗಮನಾರ್ಹ. ತೂಕದಲ್ಲಿಯೂ 24 ತೊಲದ ಕಚ್ಚಾ ಸೇರು (ಸುಮಾರು 280 ಗ್ರಾಂ), 80 ತೊಲದ ಪಕ್ಕಾ ಸೇರು (ಸುಮಾರು 933 ಗ್ರಾಂ) ಎಂಬ ಭೇದವಿದ್ದಿತು. ಆದುದರಿಂದ ಗಾತ್ರದ ಸೇರನ್ನು ಒಂದೇ ಗುಣಕದಿಂದ ತೂಕಕ್ಕೆ ತರಲಾಗದು. ಒಂದು ಲೀಟರ್ ಹಿಡಿಯುವ ಪಾತ್ರೆಯಲ್ಲಿ ಅಕ್ಕಿ ಸುಮಾರು 800 ಗ್ರಾಂ ತೂಗಿದರೆ, ಸಡಿಲವಾಗಿ ತುಂಬಿದ ಹಿಟ್ಟು 500ರಿಂದ 600 ಗ್ರಾಂ ತೂಗುತ್ತದೆ. ಪುಡಿ ಉಪ್ಪು ಒಂದು ಕಿಲೋಗ್ರಾಮನ್ನು ಮೀರುತ್ತದೆ. ಅದೇ ಹಿಟ್ಟನ್ನು ಕುಟ್ಟಿ ಅದುಮಿದರೆ ಲೆಕ್ಕ ಮತ್ತೆ ಬದಲಾಗುತ್ತದೆ.

ಧಾನ್ಯದ ಗುಣದಷ್ಟೇ ಅಳೆಯುವ ಕೈಯ ಗುಣವೂ ಇಲ್ಲಿ ಮುಖ್ಯ. ಬಾಯಿಮಟ್ಟಕ್ಕೆ ಸವರಿದ ಕೊಳಗವೂ ಗೋಪುರದಂತೆ ತುಂಬಿದ ಕೊಳಗವೂ ಹೆಸರಿನಲ್ಲಿ ಒಂದೇ. ಪಾತ್ರೆಯ ಬಾಯಿ ಅಗಲವಾದಷ್ಟೂ ಗೋಪುರ ದೊಡ್ಡದಾಗುತ್ತದೆ. ಗೇಣಿ ಕೊಡುವವನಿಗೂ ಕೂಲಿ ಪಡೆಯುವವಳಿಗೂ ಈ ವ್ಯತ್ಯಾಸವು ಅನ್ನದ ಪ್ರಶ್ನೆಯೇ ಆಗಿದ್ದಿತು. ತಕ್ಕಡಿಯು ಈ ಅನಿಶ್ಚಿತತೆಯನ್ನು ಬಹುಪಾಲು ತೊಡೆಯಿತು ಎಂಬುದನ್ನು ಮರೆತು ಹಳೆಯ ಅಳತೆಗಳನ್ನು ಕೇವಲ ಹಂಬಲಿಸುವುದು ಚರಿತ್ರೆಗೆ ನ್ಯಾಯವಲ್ಲ.

1956ರಲ್ಲಿ ಭಿನ್ನ ಆಡಳಿತಗಳಿಗೆ ಸೇರಿದ್ದ ಕನ್ನಡ ಪ್ರದೇಶಗಳು ಒಂದಾದವು. ಅದೇ ವರ್ಷ ತೂಕ ಮತ್ತು ಅಳತೆಗಳ ಮಾನಕ ಕಾಯಿದೆಯೂ ಅಂಗೀಕಾರವಾಯಿತು. 1958ರಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು, ಅಂಗಡಿಯ ಅಕ್ಕಿ ಕಿಲೋಗ್ರಾಮಿಗೆ ಒಳಪಟ್ಟಿತು. ಅಡುಗೆಮನೆಯಾದರೋ ಪಾವನ್ನು ಬಿಡಲಿಲ್ಲ. ಒಂದು ಪಾಲು ಅಕ್ಕಿಗೆ ಎರಡು ಪಾಲು ನೀರು ಎಂಬ ಅನುಪಾತಕ್ಕೆ ತಕ್ಕಡಿ ಬೇಕಿಲ್ಲ. ಪಾತ್ರೆ ಯಾವುದಾದರೂ ಸರಿ, ಎರಡಕ್ಕೂ ಅದೇ ಇದ್ದರಾಯಿತು. ಕಡ್ಲೆಪುರಿಯಂಥ ಹಗುರ ಪದಾರ್ಥ ಈಗಲೂ ಸೇರಿನಲ್ಲಿ ಮಾರಾಟವಾಗುವುದುಂಟು. ರಾಶಿ ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುವ ರೂಢಿ, ನವವಧುವು ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಕಾಲಿನಿಂದ ಉರುಳಿಸಿ ಒಳಬರುವ ಆಚರಣೆ, ಇವು ತುಂಬುವ ಪಾತ್ರೆಯನ್ನು ಸಮೃದ್ಧಿಯ ಸಂಕೇತವಾಗಿಸಿವೆ. ಈ ಸ್ಥಾನವು ತೂಕದ ಬಟ್ಟಿಗೆ ದೊರೆತಿಲ್ಲ.

ಜನಪದ ಅಡುಗೆಯ ಕ್ಷೇತ್ರಕಾರ್ಯಕ್ಕೆ ಇದರಿಂದ ಒಂದು ಹೊಣೆ ಒದಗುತ್ತದೆ. ವಕ್ತೃ ‘ಒಂದು ಸೇರು’ ಎಂದುದನ್ನು ‘ಒಂದು ಕಿಲೋ’ ಎಂದು ಬರೆದುಕೊಂಡರೆ ಪಾತ್ರೆ, ಪ್ರದೇಶ, ತುಂಬುವ ಕ್ರಮ ಮೂರೂ ಅಳಿಸಿಹೋಗುತ್ತವೆ. ಮುಂದಿನ ಓದುಗನಿಗೆ ಆ ಅಡುಗೆಯನ್ನು ಮರಳಿ ಮಾಡಲು ದಾರಿಯಿರುವುದಿಲ್ಲ. ಆಡಿದ ಪದವನ್ನು ಹಾಗೆಯೇ ಉಳಿಸಿಕೊಂಡು, ಅದೇ ಮನೆಯ ಪಾತ್ರೆಯನ್ನು ನೀರಿನಿಂದ ಅಳೆದು, ಅದೇ ಕೈ ತುಂಬಿದ ಧಾನ್ಯವನ್ನು ತೂಗಿ, ಎರಡು ಅಂಕಿಗಳನ್ನೂ ಪಕ್ಕದಲ್ಲಿ ನಮೂದಿಸುವುದು ಸೂಕ್ತ. ಹಳೆಯ ಸೇರು, ಪಾವುಗಳು ಮನೆಗಳಲ್ಲಿ ಇನ್ನೂ ಉಳಿದಿರುವಾಗಲೇ ಈ ಕೆಲಸ ನಡೆಯಬೇಕಾಗಿದೆ.